ನಕ್ಷತ್ರಕ್ಕೆ ಪೇಟೆಗೆ ಯಾಕೆ ಹೋಗ್ಬೇಕು? ತೋಟದಲ್ಲೇ ಉಂಟಲ್ಲ



ಕಳೆದ ಎರಡು ಬರಹದಲ್ಲಿ ಅಡಿಕೆ ಒಣಗಿಸುವುದು, ಕಾಳುಮೆಣಸಿನ ಬುಡಕ್ಕೆ ಸೊಪ್ಪು ಹಾಕುವುದು ಇತ್ಯಾದಿ ಬರೆದಿದ್ದೆ. ಈ ಸಲ ಸ್ವಲ್ಪ ಬೇರೆ ವಿಷಯ. ಡಿಸೆಂಬರ್ ಬಂತು, ಕ್ರಿಸ್ಮಸ್ ಹತ್ತಿರ ಬಂತು. ಪೇಟೆಯ ಅಂಗಡಿ ಮುಂದೆ ಪ್ಲಾಸ್ಟಿಕ್ ನಕ್ಷತ್ರ, ಮಿರಿಮಿರಿ ಮಾಲೆ, ಥರ್ಮೋಕೋಲಿನ ಗೋದಲಿ ಎಲ್ಲ ನೇತಾಡ್ತಾ ಉಂಟು. ನಮ್ಮ ಊರಿನ ಕ್ರೈಸ್ತ ಕೃಷಿಕರ ಮನೆಗಳಿಗೂ ಅದೇ ಬರ್ತಾ ಉಂಟು. ಇದು ಕೃಷಿ ಪುಟದಲ್ಲಿ ಬರೆಯುವ ವಿಷಯವಾ ಅಂತ ಕೆಲವರು ಕೇಳಬಹುದು. ಹೌದು, ಕೃಷಿಯದ್ದೇ ವಿಷಯ. ಓದಿ, ಆಮೇಲೆ ಹೇಳಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ಒಂದು ಎಕ್ರೆ ತೋಟ, ಒಂದು ಹಟ್ಟಿ, ನಾಲ್ಕು ತೆಂಗಿನ ಮರ ಇರುವವನ ಮನೆಗೆ ಕ್ರಿಸ್ಮಸ್ ಅಲಂಕಾರಕ್ಕೆ ಪ್ಲಾಸ್ಟಿಕ್ ಬರುವ ಅಗತ್ಯವೇ ಇಲ್ಲ. ಬಲ್ಬು ಮತ್ತು ವಯರು ಬಿಟ್ಟರೆ ಬಾಕಿ ಎಲ್ಲ ಮನೆಯಲ್ಲೇ ಉಂಟು. ಇದ್ದದ್ದನ್ನು ಬಿಟ್ಟು ದುಡ್ಡು ಕೊಟ್ಟು ತರುವುದು ಒಂದು ನಷ್ಟ. ತಂದದ್ದು ಹಬ್ಬ ಕಳೆದ ಮೇಲೆ ನಮ್ಮದೇ ಮಣ್ಣಿಗೆ ಬೀಳುವುದು ಇನ್ನೊಂದು ನಷ್ಟ. ಎರಡನೆಯದೇ ದೊಡ್ಡದು.

ಜನವರಿಯಲ್ಲಿ ಈ ಸಾಮಾನು ಎಲ್ಲಿಗೆ ಹೋಗ್ತದೆ ಅಂತ ಯಾರಾದ್ರೂ ನೋಡಿದ್ದೀರಾ? ಪೇಟೆಯವರಿಗಾದರೆ ಕಸದ ಗಾಡಿ ಬರ್ತದೆ. ನಮ್ಮ ಕಡೆ ಒಳಗಿನ ಮನೆಗಳಿಗೆ ಗಾಡಿ ಬರುವುದು ಅಪರೂಪ. ಹಾಗಾಗಿ ಮೂರು ದಾರಿ.

ಮೊದಲನೆಯದು ಬಚ್ಚಲ ಒಲೆ. ಹಳೆ ಮಾಲೆ, ಮುರಿದ ನಕ್ಷತ್ರ, ಬಣ್ಣದ ಪ್ಲಾಸ್ಟಿಕ್ ಎಲೆ ಎಲ್ಲ ಬಿಸಿನೀರಿನ ಒಲೆಗೆ ತುರುಕುವುದು. ಆ ಮಿರಿಮಿರಿ ಮಾಲೆಗಳಲ್ಲಿ, ಪ್ಲಾಸ್ಟಿಕ್ ಕ್ರಿಸ್ಮಸ್ ಮರಗಳಲ್ಲಿ ತುಂಬಾ ಸರಕು ಪಿವಿಸಿ, ಅಂದರೆ ನಮ್ಮ ನೀರಿನ ಪೈಪಿನ ಜಾತಿಯದ್ದೇ. ಪಿವಿಸಿ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರ್ತದೆ, ಡಯಾಕ್ಸಿನ್ ಎಂಬ ವಿಷವೂ ಉಂಟಾಗ್ತದೆ. ಡಯಾಕ್ಸಿನ್ ಬೇಗ ಕರಗಿ ಹೋಗುವ ವಸ್ತು ಅಲ್ಲ, ಮಣ್ಣಲ್ಲಿ ವರ್ಷಗಟ್ಟಲೆ ಇರ್ತದೆ. ಪ್ರಾಣಿಯ ಕೊಬ್ಬಿನಲ್ಲಿ ಸೇರ್ತದೆ, ಹಾಲಿಗೂ ಬರ್ತದೆ. ಆ ಒಲೆಯ ಬೂದಿಯನ್ನು ನಾವು ಎಲ್ಲಿ ಹಾಕುವುದು? ತೆಂಗಿನ ಬುಡಕ್ಕೆ, ಬಸಳೆ ಚಪ್ಪರದ ಬುಡಕ್ಕೆ! ವರ್ಷವಿಡೀ ಸಾವಯವ ಅಂತ ಮಾತಾಡಿ ಜನವರಿಯಲ್ಲಿ ಈ ಬೂದಿ ಹಾಕಿದರೆ ಎಂತ ಸಾವಯವ ಮಾರಾಯ್ರೆ?

ಎರಡನೆಯದು ಗೊಬ್ಬರದ ಗುಂಡಿ. ಗೋದಲಿಯ ಹುಲ್ಲಿನ ಜೊತೆ ಥರ್ಮೋಕೋಲಿನ ಚೂರು, ಮಿನುಗುವ ಪುಡಿ, ಪ್ಲಾಸ್ಟಿಕ್ ಹುಲ್ಲು ಗುಡಿಸಿ ಹಾಕ್ತೇವೆ. ಅಲ್ಲಿಂದ ಅದು ಗೊಬ್ಬರದ ಜೊತೆ ಅಡಿಕೆ ಬುಡಕ್ಕೆ. ಥರ್ಮೋಕೋಲಿನ ಬಿಳಿ ಉಂಡೆ ಒಮ್ಮೆ ತೋಟಕ್ಕೆ ಹೋದರೆ ಹೆಕ್ಕಿ ಮುಗಿಯುವುದಿಲ್ಲ. ಮಳೆ ಬಂದಾಗ ತೋಡಿನಲ್ಲಿ ತೇಲ್ತಾ ಕೆಳಗಿನವರ ಗದ್ದೆಗೆ.

ಮೂರನೆಯದು ದನದ ಹೊಟ್ಟೆ. ಹುಲ್ಲಿನ ಜೊತೆ ಸೇರಿದ ಮಾಲೆಯ ತುಂಡನ್ನು ದನ ಬೇರೆ ಮಾಡುವುದಿಲ್ಲ. ದನದ ನಾಲಗೆ, ತುಟಿ ಆಡಿನ ಹಾಗೆ ಹುಡುಕಿ ತಿನ್ನುವ ಜಾತಿಯದ್ದಲ್ಲ, ಗುಡಿಸಿ ಎಳೆದುಕೊಳ್ಳುವ ಜಾತಿ. ಒಳಗೆ ಹೋದದ್ದು ದೊಡ್ಡ ಹೊಟ್ಟೆಯಲ್ಲಿ ಸುತ್ತಿಕೊಂಡು ಕೂತುಬಿಡ್ತದೆ. ಮೆಲುಕು ನಿಲ್ತದೆ, ಹೊಟ್ಟೆ ಉಬ್ಬರಿಸ್ತದೆ, ಹಾಲು ಇಳೀತದೆ. ಕಡೆಗೆ ಡಾಕ್ಟ್ರು ಬಂದು ಹೊಟ್ಟೆ ಕೊಯ್ದು ತೆಗೆಯಬೇಕು. ಇನ್ನೂರು ರೂಪಾಯಿಯ ಮಾಲೆಗೆ ಐವತ್ತು ಸಾವಿರದ ದನ ಹೋಗುವ ಲೆಕ್ಕ ಇದು.

ಇನ್ನು ಕಾನೂನು. ಅಲಂಕಾರಕ್ಕೆ ಬಳಸುವ ಥರ್ಮೋಕೋಲು ಇಡೀ ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸಾಮಾನಿನ ಪಟ್ಟಿಯಲ್ಲಿ ಪ್ಲಾಸ್ಟಿಕ್ ಬಾವುಟ, ಬಲೂನಿನ ಕಡ್ಡಿ ಇವುಗಳ ಜೊತೆ ಇದೂ ಉಂಟು. ಆದ್ರೂ ಅಂಗಡಿಯಲ್ಲಿ ಸಿಗ್ತದೆ, ನಾವು ತರ್ತೇವೆ. ಒಂದು ಕಡೆ ಗೋದಲಿ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಸಿಕ್ಕಿದ್ದೇ ಪೂರ್ತಿ ಥರ್ಮೋಕೋಲಿನಲ್ಲಿ ಮಾಡಿದ ಅರಮನೆಯಂಥ ಗೋದಲಿಗೆ. ಪಕ್ಕದ ಮನೆಯ ಮಕ್ಕಳು ಸೋಗೆ, ಬೈಹುಲ್ಲು, ಕೆಂಪುಕಲ್ಲು ಸೇರಿಸಿ ಮಾಡಿದ್ದಕ್ಕೆ ಸಮಾಧಾನಕರ ಬಹುಮಾನ. ಆ ಮಕ್ಕಳು ಮುಂದಿನ ವರ್ಷ ಎಂತ ಮಾಡ್ತಾರೆ ಹೇಳಿ? ಅವರೂ ಥರ್ಮೋಕೋಲು ತರ್ತಾರೆ. ಬಹುಮಾನ ಎಲ್ಲಿಗೆ ಹೋಗ್ತದೋ ಊರು ಅಲ್ಲಿಗೆ ಹೋಗ್ತದೆ.

ಗೋದಲಿ ಅಂದರೆ ಎಂತ ಅಂತ ಒಮ್ಮೆ ಯೋಚನೆ ಮಾಡುವ. ಅದು ದನದ ಹಟ್ಟಿ. ಕ್ರಿಸ್ತ ಹುಟ್ಟಿದಾಗ ಮಲಗಿಸಿದ್ದು ದನಕ್ಕೆ ಹುಲ್ಲು ಹಾಕುವ ಬಾನಿಯಲ್ಲಿ. ಈ ಗೋದಲಿ ಮಾಡುವ ಪದ್ಧತಿಯನ್ನು ಜನಪ್ರಿಯ ಮಾಡಿದವರು ಅಸ್ಸಿಸಿಯ ಸಂತ ಫ್ರಾನ್ಸಿಸ್. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಗುಡ್ಡದ ಹಳ್ಳಿಯಲ್ಲಿ ಬಾನಿ, ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ ಇಟ್ಟು ಊರವರಿಗೆ ತೋರಿಸಿದರು. ಎಂಟುನೂರು ವರ್ಷ ದಾಟಿತು. ಅಂದು ಬೇಕಾದದ್ದು ಒಬ್ಬ ರೈತನ ಮನೆಯಲ್ಲಿ ಇರುವ ಸಾಮಾನು ಮಾತ್ರ. ಬಡತನ ತೋರಿಸಲಿಕ್ಕೆಂದೇ ಮಾಡಿದ ವಸ್ತುವನ್ನು ನಾವು ಸಾಲ ಮಾಡಿ ಸಿಂಗರಿಸುವುದು ಎಷ್ಟು ಸರಿ?

ಬೇರೆ ದೇಶದಲ್ಲೂ ಹಾಗೇ. ಫಿಲಿಪ್ಪೀನ್ಸಿನಲ್ಲಿ ‘ಪರೋಲ್’ ಅಂತ ನಕ್ಷತ್ರದ ಗೂಡುದೀಪ ಉಂಟು, ಬಿದಿರು ಮತ್ತು ಕಾಗದದ್ದು, ನಮ್ಮದರ ತದ್ರೂಪು. ಅಲ್ಲಿ ಡಿಸೆಂಬರ್ 16ರಿಂದ 24ರವರೆಗೆ ಬೆಳಕು ಹರಿಯುವ ಮೊದಲೇ ಪೂಜೆ ನಡೀತದೆ, ಅದಕ್ಕೆ ಹೋಗುವವರಿಗೆ ದಾರಿಯಲ್ಲಿ ಈ ದೀಪ. ಸ್ವೀಡನ್ ಕಡೆ ಬೈಹುಲ್ಲನ್ನು ಕಟ್ಟಿ ಆಡು ಮಾಡ್ತಾರೆ, ಹುಲ್ಲಿನ ನಕ್ಷತ್ರ ಮಾಡಿ ಮರಕ್ಕೆ ತೂಗು ಹಾಕ್ತಾರೆ. ಅವರವರ ಹೊಲದಲ್ಲಿ ಎಂತ ಇತ್ತೋ ಅದರಲ್ಲೇ ಮಾಡಿದ್ದಾರೆ. ನಮ್ಮ ಹೊಲದಲ್ಲಿ ಹಾಳೆ, ಗೆರಟೆ, ಬಿದಿರು, ಸೋಗೆ, ಭತ್ತ ಉಂಟು. ನಾವು ಮಾತ್ರ ಗೋದಲಿಯ ಮಾಡಿಗೆ ಹತ್ತಿ ಅಂಟಿಸಿ ಹಿಮ ಬಿದ್ದ ಹಾಗೆ ಮಾಡ್ತೇವೆ. ನಮ್ಮ ಊರಲ್ಲಿ ಡಿಸೆಂಬರಿಗೆ ಬೀಳುವುದು ಇಬ್ಬನಿ, ಹಿಮ ಅಲ್ಲ.

ಸರಿ, ಮಾತು ಸಾಕು. ಮಾಡುವುದು ಹೇಗೆ ಅಂತ ನನಗೆ ಗೊತ್ತಿದ್ದಷ್ಟು ಬರೀತೇನೆ.

1) ನಕ್ಷತ್ರ

ಬಿದಿರು ಬೇಕು. ಬೆಳೆದ ಬಿದಿರೇ ಆಗಬೇಕು, ಕನಿಷ್ಠ ಮೂರು ವರ್ಷದ್ದು. ಎಳೆಯದ್ದು ಒಣಗುವಾಗ ಮುರುಟಿ ನಕ್ಷತ್ರ ಸೊಟ್ಟ ಆಗ್ತದೆ, ಬೇಗ ಕುಟ್ಟೆ ಹಿಡೀತದೆ. ಸೀಳಿದ ಕಡ್ಡಿಯನ್ನು ಕೆರೆಯಲ್ಲೋ ತೋಡಿನಲ್ಲೋ ಒಂದೆರಡು ವಾರ ಮುಳುಗಿಸಿ ಇಟ್ಟು ಒಣಗಿಸಿದರೆ ಬಿದಿರಿನ ಒಳಗಿನ ಪಿಷ್ಟ ಕರಗಿ ಹೋಗ್ತದೆ, ಕುಟ್ಟೆಗೆ ತಿನ್ನಲು ಎಂತದೂ ಉಳಿಯುವುದಿಲ್ಲ. ಹೀಗೆ ಮಾಡಿದ ಚೌಕಟ್ಟನ್ನು ಅಟ್ಟದಲ್ಲಿ ಇಟ್ಟರೆ ಹಲವು ವರ್ಷ ಕಾಗದ ಮಾತ್ರ ಬದಲಿಸಿದರೆ ಸಾಕು.

ಬಿದಿರು ಕಡಿಯಲು ಹೆದರುವವರು ಉಂಟು. ಅರಣ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಗಿ, ಅರಣ್ಯದ ಹೊರಗೆ ಬೆಳೆದ ಬಿದಿರನ್ನು ‘ಮರ’ ಎಂಬ ಪಟ್ಟಿಯಿಂದ ತೆಗೆದಿದ್ದಾರೆ. ನಮ್ಮ ವರ್ಗ ಜಾಗದಲ್ಲಿ ನಾವೇ ಬೆಳೆಸಿದ ಬಿದಿರನ್ನು ಧೈರ್ಯವಾಗಿ ಬಳಸಬಹುದು. ಕಾಡಿನ ಬಿದಿರಿಗೆ ಮಾತ್ರ ಕತ್ತಿ ಹಾಕಬೇಡಿ.

ಅಳತೆ ಹೀಗೆ. 2 ಅಡಿ ಉದ್ದದ, ಒಂದೇ ದಪ್ಪದ ಕಡ್ಡಿ 10. ಪ್ರತಿ ಕಡ್ಡಿಯಲ್ಲೂ ಎರಡು ತುದಿಯಿಂದ 9 ಇಂಚು ದಾಟಿ ಒಂದು ಗೆರೆಯಷ್ಟು ಒಳಗೆ ಗುರುತು ಹಾಕಿ. ಐದು ಕಡ್ಡಿ ಸೇರಿಸಿ ನಕ್ಷತ್ರ ಕಟ್ಟುವಾಗ ಕಡ್ಡಿ ಕಡ್ಡಿ ದಾಟುವ ಜಾಗ ಸರಿಯಾಗಿ ಈ ಗುರುತಿನ ಮೇಲೆ ಬರಬೇಕು. ಹಾಗೆ ಬಂದರೆ ಐದು ಮೂಲೆಯೂ ಸಮ ಆಗ್ತದೆ, ಕಣ್ಣಳತೆ ಬೇಕಿಲ್ಲ. ಬೇರೆ ಉದ್ದದ ಕಡ್ಡಿ ಆದರೆ ಉದ್ದವನ್ನು 0.38ರಿಂದ ಗುಣಿಸಿ. ಹೈಸ್ಕೂಲಿಗೆ ಹೋಗುವ ಮಕ್ಕಳ ಹತ್ತಿರ ಈ ಲೆಕ್ಕ ಮಾಡಿಸಿ, ಅವರಿಗೂ ರೇಖಾಗಣಿತ ಯಾಕೆ ಅಂತ ಗೊತ್ತಾಗ್ಲಿ.

ಹೀಗೆ ಎರಡು ನಕ್ಷತ್ರ ಕಟ್ಟಿ ಒಂದರ ಮೇಲೊಂದು ಇಟ್ಟು ಐದು ತುದಿಯನ್ನೂ ಒಟ್ಟಿಗೆ ಬಿಗಿಯಿರಿ. ಆಮೇಲೆ ಕಡ್ಡಿ ದಾಟುವ ಐದು ಜಾಗದಲ್ಲಿ 5 ಇಂಚಿನ ಗಿಡ್ಡ ಕಡ್ಡಿ ಸಿಕ್ಕಿಸಿ ಎರಡನ್ನೂ ಅಗಲಿಸಿ. ಹೊಟ್ಟೆ ಉಬ್ಬಿದ ನಕ್ಷತ್ರ ಆಗ್ತದೆ. ಕಟ್ಟಲು ಪ್ಲಾಸ್ಟಿಕ್ ಹಗ್ಗ ಬೇಡ, ಹತ್ತಿ ನೂಲು ಅಥವಾ ನೀರಲ್ಲಿ ನೆನೆಸಿದ ಬಾಳೆನಾರು ಸಾಕು. ಬಾಳೆನಾರು ಒದ್ದೆಯಲ್ಲಿ ಕಟ್ಟಬೇಕು.

ಕಾಗದ ಗಾಳಿಪಟಕ್ಕೆ ಬಳಸುವ ತೆಳು ಬಣ್ಣದ ಕಾಗದ. ಅಂಟು ಮೈದಾದ್ದು. ಎರಡು ಚಮಚ ಮೈದಾವನ್ನು ತಣ್ಣೀರಲ್ಲಿ ಗಂಟಿಲ್ಲದೆ ಕದಡಿ, ಒಂದು ಲೋಟ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಆಯ್ತು. ಜಿರಳೆ ತಿನ್ನಬಾರದು ಅಂತ ಹಿಂದಿನವರು ಒಂದು ಚಿಟಿಕೆ ಮೈಲುತುತ್ತು ಹಾಕ್ತಿದ್ದರು. ಬೋರ್ಡೋ ದ್ರಾವಣಕ್ಕೆ ತಂದದ್ದು ನಮ್ಮೆಲ್ಲರ ಮನೆಯಲ್ಲಿ ಉಂಟು. ಆದರೆ ಅದು ವಿಷ. ಮಕ್ಕಳು ಅಂಟಿಸುವುದಾದರೆ ಹಾಕಲೇಬೇಡಿ. ಹಿಂಬದಿಯ ನಡುವಿನ ಐದು ಮೂಲೆಯ ಕಿಂಡಿಯನ್ನು ತೆರೆದೇ ಬಿಡಿ, ಬಲ್ಬು ಅಲ್ಲಿಂದ ಇಳಿಸಲು.

ದೀಪಾವಳಿಗೆ ಗೂಡುದೀಪ ಮಾಡುವವರಿಗೆ ಇದೆಲ್ಲ ಹೊಸತಲ್ಲ, ಕಡ್ಡಿ ಅದೇ, ಕಾಗದ ಅದೇ, ಅಂಟು ಅದೇ. ಆ ಕೈಗಳು ಈಗಲೂ ಪ್ರತಿ ಊರಲ್ಲಿ ಒಂದೆರಡು ಉಂಟು. ದೀಪಾವಳಿಗೆ ಅವರು ಕಲಿಸಲಿ, ಕ್ರಿಸ್ಮಸ್‌ಗೆ ನಾವು ಕಲಿಸುವ. ಮಕ್ಕಳು ಎರಡೂ ಮನೆಯ ಅಂಗಳದಲ್ಲಿ ಕೂತು ಕಲೀಲಿ.

2) ಹಾಳೆ, ಗೆರಟೆ, ಗರಿ

ಅಡಿಕೆ ಹಾಳೆ ಈಗ ದಿನಾ ಬೀಳ್ತದೆ. ಮಳೆ ತಾಗದ, ಕಲೆ ಇಲ್ಲದ ಹಾಳೆ ಹೆಕ್ಕಿ ಅರ್ಧ ಗಂಟೆ ನೀರಲ್ಲಿ ಹಾಕಿ. ಮೆತ್ತಗಾದ ಮೇಲೆ ಚಪ್ಪಟೆ ಮಾಡಿ ಮೇಲೆ ಕಲ್ಲು ಹೇರಿ. ಪೂರ್ತಿ ಒಣಗುವ ಮೊದಲು ಕತ್ತರಿಯಲ್ಲಿ ನಕ್ಷತ್ರ, ಗಂಟೆ, ಪಾರಿವಾಳ, ಎಂತ ಬೇಕೋ ಕತ್ತರಿಸಬಹುದು. ಪೂರ್ತಿ ಒಣಗಿದ ಮೇಲೆ ಕತ್ತರಿ ಹಾಕಿದರೆ ಸೀಳ್ತದೆ. ಕತ್ತರಿಸಿದ್ದನ್ನು ಎರಡು ಬಿಸಿಲು ಒಣಗಿಸಿ, ಇಲ್ಲದಿದ್ರೆ ಬೂಸಲು ಬರ್ತದೆ. ಬಣ್ಣ ಬೇಡ, ಹಾಳೆಯ ಬಣ್ಣವೇ ಚೆಂದ.

ಗೆರಟೆಯನ್ನು ಮರಳು ಕಾಗದದಲ್ಲಿ ಉಜ್ಜಿ ಎರಡು ಹನಿ ತೆಂಗಿನೆಣ್ಣೆ ಸವರಿದರೆ ಕಪ್ಪು ಮಿಂಚು ಬರ್ತದೆ. ಕಣ್ಣಿನ ತೂತಿನಲ್ಲಿ ನೂಲು ಪೋಣಿಸಿ ಕವುಚಿ ತೂಗು ಹಾಕಿದರೆ ಗಂಟೆ. ಹಿಡಿಸೂಡಿ ಕಡ್ಡಿಯಲ್ಲಿ ಸಣ್ಣ ನಕ್ಷತ್ರ ಕಟ್ಟಲು ಐದು ವರ್ಷದ ಮಗುವಿಗೂ ಬರ್ತದೆ.

ತೆಂಗಿನ ಎಳೆ ಗರಿಯ ಬಗ್ಗೆ ಒಂದು ಮಾತು. ದೈವದ ನೇಮಕ್ಕೆ ಸಿರಿಯಲ್ಲಿ ಅಲಂಕಾರ ಮಾಡುವವರ ಕೆಲಸ ನೋಡಿ ಕೆಲವರಿಗೆ ಗೋದಲಿಗೂ ಹಾಗೇ ಮಾಡುವ ಆಸೆ. ಕಾಯಿ ಬಿಡುವ ಒಳ್ಳೆ ಮರದ ಸುಳಿಯ ಗರಿಗೆ ಕತ್ತಿ ಹಾಕಬೇಡಿ. ಹಸಿ ಗಾಯದ ವಾಸನೆಗೆ ಕೆಂಪುಮೂತಿ ಹುಳು ಬಂದು ಮೊಟ್ಟೆ ಇಡ್ತದೆ. ಅದು ಸುಳಿಗೆ ಹೊಕ್ಕರೆ ಮರವೇ ಹೋಯ್ತು. ಕೆಳಗಿನ ಬಲಿತ ಮಡಲಿನಲ್ಲೇ ಸುಂದರ ತೋರಣ ಆಗ್ತದೆ, ಅದು ಹೇಗೂ ಬೀಳುವಂಥದ್ದು.

ಕ್ರಿಸ್ಮಸ್ ಮರಕ್ಕೆ ಗಾಳಿಮರದ ಒಂದು ಕೊಂಬೆ ಸಾಕು. ಬಾಲ್ದಿಯಲ್ಲಿ ಒದ್ದೆ ಹೊಯಿಗೆ ತುಂಬಿಸಿ ಊರಿದರೆ ಹಬ್ಬ ಮುಗಿಯುವವರೆಗೆ ಹಸಿರು ಇರ್ತದೆ, ಆಮೇಲೆ ಒಲೆಗೆ. ಯಾರದ್ದಾದ್ರೂ ಸ್ವಂತ ಜಾಗದ ಮರದ ಅಡ್ಡ ಕೊಂಬೆ ಕೇಳಿ ತನ್ನಿ. ಸಮುದ್ರ ದಂಡೆಯಲ್ಲಿ ಅರಣ್ಯ ಇಲಾಖೆ ನೆಟ್ಟದ್ದನ್ನು ಮುಟ್ಟಬೇಡಿ, ಅದು ಗಾಳಿ ತಡೆಯಲು ನೆಟ್ಟದ್ದು. ಗಿಡದ ತುದಿಯನ್ನೇ ಕಡಿದರೆ ಆ ಗಿಡ ಮತ್ತೆ ನೆಟ್ಟಗೆ ಹೋಗುವುದಿಲ್ಲ.

3) ಗೋದಲಿಯ ಗದ್ದೆ

ಗೋದಲಿ ಸುತ್ತ ಹಸಿರು ಬೇಕು ಅಂತ ಗೋಣಿಗಟ್ಟಲೆ ಪಾಚಿ ಕೆರೆದು ತರುವ ಪದ್ಧತಿ ಈಚೆಗೆ ಜಾಸ್ತಿ ಆಗಿದೆ. ಹಳೆ ಗೋಡೆ, ತೋಡಿನ ಬದಿ, ಕಾಡಿನ ಕಲ್ಲು ಎಲ್ಲ ಬೋಳಾಗ್ತದೆ. ಆ ಪಾಚಿ ಮತ್ತೆ ಬರಲು ಎಷ್ಟು ಮಳೆಗಾಲ ಬೇಕೋ. ತೋಡಿನ ಬದಿಯ ಮಣ್ಣನ್ನು ಹಿಡಿದುಕೊಂಡಿರುವುದೇ ಅದು.

ಅದರ ಬದಲು ಭತ್ತ ಬಿತ್ತಿ. ಡಿಸೆಂಬರ್ 11ರ ರಾತ್ರಿ ಎರಡು ಹಿಡಿ ಭತ್ತ ನೆನೆ ಹಾಕಿ. ಮರುದಿನ ರಾತ್ರಿ ನೀರು ಬಸಿದು ಒದ್ದೆ ಗೋಣಿಯಲ್ಲಿ ಕಟ್ಟಿ, ಮೇಲೆ ಸ್ವಲ್ಪ ಭಾರ ಇಡಿ. 14ಕ್ಕೆ ಮೊಳಕೆ ಮೂಗು ತೋರಿಸ್ತದೆ. ಹಾಳೆಯ ತಟ್ಟೆಗೆ ಎರಡು ಬೆರಳು ಮಣ್ಣು ಮತ್ತು ಹುಡಿಗೊಬ್ಬರ ಹಾಕಿ ಒತ್ತಾಗಿ ಬಿತ್ತಿ. ದಿನಾ ನೀರು ಚಿಮುಕಿಸಿ ಬಿಸಿಲು ಬೀಳುವ ಕಡೆ ಇಡಿ. 24ರ ರಾತ್ರಿಗೆ ನಾಲ್ಕು ಬೆರಳಿನ ನೇಜಿ ಗದ್ದೆ ತಯಾರು. ಈ ವರ್ಷವೇ ಕೊಯ್ದ ಭತ್ತ ಆದರೆ ಕೆಲವು ತಳಿ ತಕ್ಷಣ ಮೊಳೆಯುವುದಿಲ್ಲ, ಒಂದು ತಿಂಗಳಾದ್ರೂ ನಿದ್ರೆ ಮಾಡ್ತದೆ. ಹಾಗಾಗಿ ಮೊದಲೇ ಹತ್ತು ಕಾಳು ಹಾಕಿ ಪರೀಕ್ಷೆ ಮಾಡಿ. ಭತ್ತ ಸಿಗದಿದ್ರೆ ರಾಗಿ ಆಗ್ತದೆ, ಅದು ಇನ್ನೂ ಸುಲಭ, ಹುಲ್ಲು ನಯ. ಜನವರಿಯಲ್ಲಿ ಇದನ್ನು ಬುಡಸಮೇತ ದನಕ್ಕೆ ಹಾಕಿ. ಮುಂಚೆ ಹೇಳಿದ ಮೂರು ದಾರಿಯ ಚಿಂತೆಯೇ ಇಲ್ಲ.

ಇಲ್ಲಿ ಒಂದು ಬೇಸರದ ವಿಷಯವೂ ಉಂಟು. ಈಗ ಗೋದಲಿಗೆ ಒಂದು ಕಟ್ಟು ಬೈಹುಲ್ಲು ಬೇಕು ಅಂದರೆ ನಮ್ಮ ಊರಲ್ಲಿ ಎಷ್ಟು ಮನೆಯಲ್ಲಿ ಸಿಗ್ತದೆ? ಗದ್ದೆ ಎಲ್ಲ ಅಡಿಕೆ ತೋಟ ಆಯ್ತು. ಹುಲ್ಲು ಘಟ್ಟದ ಮೇಲಿಂದ ಲಾರಿಯಲ್ಲಿ ಬರ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆ ಆಶೀರ್ವಾದ ಮಾಡಿಸಿ ಮನೆಗೆ ತಂದು ಹೊಸ ಅಕ್ಕಿ ಊಟ ಮಾಡುವವರು ನಾವು. ಆ ತೆನೆಗೂ ಯಾರದ್ದೋ ಗದ್ದೆ ಹುಡುಕಿಕೊಂಡು ಹೋಗುವ ಪರಿಸ್ಥಿತಿ. ಗದ್ದೆ ಬಿಟ್ಟವರನ್ನು ನಾನು ದೂರುವುದಿಲ್ಲ. ಆಳಿನ ಸಂಬಳ, ಹಂದಿ, ನವಿಲು, ಭತ್ತದ ರೇಟು ಎಲ್ಲ ನನಗೂ ಗೊತ್ತುಂಟು. ಆದರೆ ಮನೆಯ ಮಕ್ಕಳಿಗೆ ಭತ್ತ ಮೊಳೆಯುವುದು ಹೇಗೆ ಅಂತಲೂ ಗೊತ್ತಿಲ್ಲದಿದ್ರೆ ನಾಳೆ ಒಂದು ಸೆಂಟ್ಸ್ ಗದ್ದೆಯನ್ನಾದ್ರೂ ಯಾರು ಮಾಡ್ತಾರೆ? ಗೋದಲಿಯ ಆ ಒಂದು ತಟ್ಟೆ ನೇಜಿ ಕೆಲವು ಮನೆಗಳಲ್ಲಿ ಈಗ ಉಳಿದ ಕಡೆಯ ಬಿತ್ತನೆ. ಅದನ್ನೂ ಪ್ಲಾಸ್ಟಿಕ್ ಹುಲ್ಲಿನ ಚಾಪೆಗೆ ಬಿಟ್ಟುಕೊಡಬೇಡಿ ಅಂತ ನನ್ನ ವಿನಂತಿ.

4) ಬೆಂಕಿಯ ಜಾಗ್ರತೆ

ಹುಲ್ಲು, ಸೋಗೆ, ಕಾಗದ ಮೂರೂ ಒಣಗಿದ್ದು. ಹಾಗಾಗಿ ಸ್ವಲ್ಪ ತಲೆ ಓಡಿಸಬೇಕು. ಸ್ವೀಡನ್ ದೇಶದ ಯೆವ್ಲೆ ಎಂಬ ಊರಲ್ಲಿ 1966ರಲ್ಲಿ ಮೊದಲ ಸಲ ಪೇಟೆ ಮಧ್ಯೆ ದೊಡ್ಡ ಬೈಹುಲ್ಲಿನ ಆಡು ನಿಲ್ಲಿಸಿದರು. ಆ ವರ್ಷ ಡಿಸೆಂಬರ್ 31ರ ರಾತ್ರಿಯೇ ಯಾರೋ ಬೆಂಕಿ ಇಟ್ಟರು. ಆಮೇಲೂ ಎಷ್ಟೋ ಸಲ ಸುಟ್ಟು ಹೋಗಿದೆ. ನಮ್ಮಲ್ಲಿ ಬೆಂಕಿ ಇಡುವವರು ಬೇಕಿಲ್ಲ, ನಮ್ಮ ವಯರಿನ ಜೋಡಣೆಯೇ ಸಾಕು.

ನಕ್ಷತ್ರದೊಳಗೆ ಎಲ್‌ಇಡಿ ಬಲ್ಬು ಮಾತ್ರ ಹಾಕಿ, 3 ಅಥವಾ 5 ವ್ಯಾಟಿನದ್ದು ಧಾರಾಳ. ಹಳೆ ಬಿಸಿ ಬಲ್ಬು, ಚಿಮಿಣಿ, ಮೊಂಬತ್ತಿ ಯಾವುದೂ ಬೇಡ. ಬಲ್ಬು ಕಾಗದಕ್ಕೆ ತಾಗಬಾರದು. ವಯರು ತಿರುಚಿ ಜೋಡಿಸಿ ಬರೀ ಬಿಡಬೇಡಿ, ಟೇಪು ಸುತ್ತಿ. ಗೋದಲಿಯ ಹುಲ್ಲಿನ ಅಡಿಯಲ್ಲಿ ಜೋಡಣೆ ಬರಲೇಬಾರದು. ಮಲಗುವ ಮೊದಲು ಸ್ವಿಚ್ ಆಫ್. ನಕ್ಷತ್ರವನ್ನು ಮಾಡಿನ ಕೆಳಗೆ ಕಟ್ಟಿ, ಇಬ್ಬನಿಗೆ ಕಾಗದ ಜೋತು ಬೀಳ್ತದೆ, ಒಮ್ಮೊಮ್ಮೆ ಡಿಸೆಂಬರಿನಲ್ಲೂ ಮಳೆ ಬರ್ತದೆ.

ಇನ್ನು ಇದನ್ನೆಲ್ಲ ಹೇಳಿದಾಗ ಜನ ಕೇಳುವ ಪ್ರಶ್ನೆ.

“ಎಂತ ಮಾರಾಯ್ರೆ, ಡಿಸೆಂಬರಿನಲ್ಲಿ ಅಡಿಕೆ ಕೊಯ್ಲಿನ ನಡುವೆ ಇದಕ್ಕೆಲ್ಲ ಯಾರಿಗೆ ಪುರುಸೊತ್ತು?” ನ್ಯಾಯವಾದ ಪ್ರಶ್ನೆ. ಒಂದು ನಕ್ಷತ್ರಕ್ಕೆ ಕಡ್ಡಿ ತಯಾರಿದ್ರೆ ಎರಡು ಸಂಜೆ ಸಾಕು. ಆ ಎರಡು ಸಂಜೆ ಮೊಬೈಲು ಬದಿಗಿಟ್ಟರೆ ಆಯ್ತು, ಅದು ನನಗೂ ಕಷ್ಟವೇ. ಆದರೆ ಈ ಕೆಲಸ ಮನೆಯ ಹೆಂಗಸರ ತಲೆಗೆ ಬೀಳಬಾರದು. ಅವರು ಆ ಹೊತ್ತಿಗೆ ಕುಸ್ವಾರ್‌ಗೆ ಹಿಟ್ಟು, ಬೆಲ್ಲ, ಎಣ್ಣೆ ಅಂತ ಒಲೆ ಎದುರೇ ಇರ್ತಾರೆ. ಬಿದಿರು ಸೀಳುವುದು, ಗೋದಲಿ ಕಟ್ಟುವುದು ಗಂಡಸರು, ಮಕ್ಕಳು ಮಾಡಬೇಕು. ಮಾಡಿದ ಮೇಲೆ ಕಸ ಗುಡಿಸುವುದೂ ಅವರೇ!

“ಮನೆಯಲ್ಲಿ ಮಾಡಿದ್ದು ಪೇಟೆಯದ್ದರಷ್ಟು ಚೆಂದ ಕಾಣುವುದಿಲ್ಲ.” ಮೊದಲ ವರ್ಷ ಕಾಣುವುದಿಲ್ಲ, ಹೌದು. ಒಂದು ಮೂಲೆ ಉದ್ದ, ಒಂದು ಗಿಡ್ಡ. ಮೂರನೇ ವರ್ಷಕ್ಕೆ ಕೈ ಕೂರ್ತದೆ. ಕಸಿ ಕಟ್ಟಲು ಕಲಿತದ್ದೂ ಹಾಗೇ ಅಲ್ವಾ?

“ಅಂಗಡಿಯವರೂ ಬದುಕಬೇಕಲ್ಲ?” ಬದುಕಲಿ. ಕಾಗದ, ನೂಲು, ಬಲ್ಬು ಅವರಿಂದಲೇ ತರುವುದು. ಮಾಡಲು ಆಗದವರು ಕೈಯಲ್ಲಿ ಮಾಡಿದವರಿಂದ ಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಬುಟ್ಟಿ ಹೆಣೆಯುವ ಕೊರಗ ಸಮುದಾಯದವರ ಕೈಯಷ್ಟು ಬಿದಿರು ಮತ್ತು ಬಳ್ಳಿಯ ಗುಟ್ಟು ಗೊತ್ತಿರುವ ಕೈ ಬೇರೆ ಇಲ್ಲ. ಪ್ಲಾಸ್ಟಿಕ್ ಬುಟ್ಟಿ ಬಂದು ಅವರ ಕೆಲಸ ಕಡಿಮೆ ಆಯ್ತು. ನಕ್ಷತ್ರದ ಚೌಕಟ್ಟು, ಗೋದಲಿಯ ಚಾವಣಿ ಅವರಿಂದ ಮಾಡಿಸಿ, ಕೇಳಿದ ಕ್ರಯ ಕೊಡಿ. ಪ್ಲಾಸ್ಟಿಕ್ ನಕ್ಷತ್ರಕ್ಕೆ ಮುನ್ನೂರು ರೂಪಾಯಿ ಮಾತಾಡದೆ ಕೊಡುವವರು ಬುಟ್ಟಿಗೆ ಇಪ್ಪತ್ತು ರೂಪಾಯಿ ಚೌಕಾಸಿ ಮಾಡುವುದನ್ನು ನಾನು ನೋಡಿದ್ದೇನೆ. ಅದು ನಮಗೆ ಶೋಭೆ ಅಲ್ಲ.

ಕಡೆಗೆ ವಾಳೆಯ ಗುರಿಕಾರರಿಗೆ, ಯುವಜನರಿಗೆ, ಸ್ಪರ್ಧೆ ನಡೆಸುವ ಸಂಘದವರಿಗೆ ಒಂದು ಕೋರಿಕೆ. ಈ ವರ್ಷದ ನಿಯಮದಲ್ಲಿ ಮೂರು ಸಾಲು ಸೇರಿಸಿ. ಒಂದು, ಥರ್ಮೋಕೋಲು ಮತ್ತು ಪ್ಲಾಸ್ಟಿಕ್ ಇದ್ದರೆ ಸ್ಪರ್ಧೆಗೆ ಪ್ರವೇಶ ಇಲ್ಲ. ಎರಡು, ಅರ್ಧ ಅಂಕ ಮನೆ, ತೋಟದ ಸಾಮಾನಿಗೆ. ಮೂರು, ತೀರ್ಪುಗಾರರು ಜನವರಿ ಮೊದಲ ವಾರ ಇನ್ನೊಮ್ಮೆ ಬಂದು ಗೋದಲಿ ಬಿಚ್ಚಿದ ಮೇಲೆ ಎಷ್ಟು ಕಸ ಉಳಿಯಿತು ಅಂತ ನೋಡಲಿ, ಆಮೇಲೆ ಬಹುಮಾನ ಘೋಷಣೆ. ಈ ಮೂರನೆಯದು ಒಂದು ವರ್ಷ ಮಾಡಿದರೆ ಸಾಕು, ಮರು ವರ್ಷದಿಂದ ಯಾರೂ ಹೇಳುವುದೇ ಬೇಡ.

ಲೆಕ್ಕ ಬೇಕಾದವರಿಗೆ: ನಕ್ಷತ್ರಕ್ಕೆ ಕಾಗದ, ನೂಲು, ಮೈದಾ ಸೇರಿ ನಮ್ಮ ಕಡೆ ನೂರು ರೂಪಾಯಿ ದಾಟುವುದಿಲ್ಲ. ಬಲ್ಬು ಹೇಗೂ ಮನೆಯಲ್ಲಿ ಇರುವುದೇ. ಬಾಕಿ ಎಲ್ಲ ತೋಟದ್ದು.

ಬಿದಿರು ಕಡಿಯುವವರು ಈ ವಾರವೇ ಕಡಿದು ನೀರಿಗೆ ಹಾಕಿ, ತಡವಾದ್ರೆ ಕಡ್ಡಿ ಒಣಗುವುದಿಲ್ಲ. ನಮ್ಮಲ್ಲಿ ಒಂದು ಮೆಳೆ ಉಂಟು, ಹತ್ತಿರದವರಿಗೆ ನಾಲ್ಕೈದು ಗಳ ಬೇಕಾದರೆ ಕತ್ತಿ ಹಿಡಿದುಕೊಂಡು ಬನ್ನಿ, ಕ್ರಯ ಬೇಡ. ಹಾಳೆಯಲ್ಲಿ, ಗೆರಟೆಯಲ್ಲಿ ಬೇರೆ ಎಂತಾದ್ರೂ ಮಾಡುವ ಕ್ರಮ ನಿಮ್ಮ ಮನೆಯಲ್ಲಿ ಇದ್ದರೆ ಬರೆಯಿರಿ, ಎಲ್ಲರಿಗೂ ಉಪಯೋಗ ಆಗ್ತದೆ. ಮುಂದಿನ ವಾರ ಮತ್ತೆ ಅಡಿಕೆಯ ವಿಷಯಕ್ಕೆ ಬರುವ.

ಎಲ್ಲರಿಗೂ ಹಬ್ಬದ ಶುಭಾಶಯ.